ಬೀಗ ಹಾಕಿದ ಕೊಟ್ಟಿಗೆ

ನಮ್ಮಕ್ಕನ ಗಂಡ ಕಾಂಗ್ ಸಾದಿಮಿನ್, ಅಂದರೆ ಸಾದಿಮಿನಣ್ಣ, ಬೀಗ ಜಡಿಯುವುದರಲ್ಲಿ ಎತ್ತಿದ ಕೈ. ಬೆಂಕಿ ಉಗುಳುವ ಮೆರಾಪಿ ಬೆಟ್ಟದ ಮಗ್ಗುಲಲ್ಲಿ ಹುಟ್ಟಿದ ನಾವು ಬೆಟ್ಟದ ಬೆಂಕಿಗಿಂತ ಕಳ್ಳರಿಗೇ ಹೆಚ್ಚು ಹೆದರುವ ಜನ. ಹಿಂದಿನ ಸಲ ಬೆಟ್ಟ ಕೆರಳಿದಾಗ ಊರು ಬಿಟ್ಟು ಓಡಿದ್ದೆವು. ತಿರುಗಿ ಬಂದು ನೋಡಿದರೆ ಅವನ ಕೊಟ್ಟಿಗೆ ಖಾಲಿ. ಹುಲ್ಲು ಕೊಯ್ದು ಸೈಕಲ್ಲಿಗೆ ಹೇರಿ ತಂದು, ಹಾಲು ಮಾರಿ ಬದುಕುವ ಮನುಷ್ಯ, ತಿಂಗಳುಗಟ್ಟಲೆ ಯಾರ ಜೊತೆಗೂ ಮಾತಾಡಲಿಲ್ಲ. ಆಮೇಲೆ ಹೊಸದೊಂದು ಹಸು ಬಂತು, ಕೊಟ್ಟಿಗೆಗೆ ಕಬ್ಬಿಣದ ಬಾಗಿಲು ಬಂತು, ಸರಪಳಿ ಬಂತು, ಬೀಗ ಬಂತು.

ಈ ಸಲ ಸೈರನ್ ಕೂಗಿದಾಗ ಊರಿನವರೆಲ್ಲ ದನಗಳ ಹಗ್ಗ ಬಿಚ್ಚಿ, ಎಲ್ಲಾದರೂ ಬದುಕಿಕೊಳ್ಳಿ ಎಂದು ಬಿಟ್ಟು ಲಾರಿ ಹತ್ತಿದರು. ಈ ಮಹಾನುಭಾವ ಮಾತ್ರ ತನ್ನ ತುಂಬು ಗಬ್ಬದ ಹಸುವನ್ನು ಒಳಗೆ ಕೂಡಿ, ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತನ್ನ ಸೈಕಲ್ಲಿನಲ್ಲಿ ಬಂದ.

"ಅಜ್ಜಂಗೆ ಸ್ವಲ್ಪ ಕೆಮ್ಮು, ಅಷ್ಟೇ. ನಾಳೆ ಮನೇಲಿರ್ತೀವಿ" ಅಂದ. ಬೆಟ್ಟವನ್ನು ನಾವು ಅಜ್ಜ ಅನ್ನುವುದು. ಅಜ್ಜನ ಕೆಮ್ಮು ನಿಲ್ಲಲೇ ಇಲ್ಲ.

ಬೆಟ್ಟದ ಕೆಳಗೆ ನಮ್ಮನ್ನೆಲ್ಲ ಇಳಿಸಿದ್ದ ಶಾಲೆಯಲ್ಲಿ, ಚಾಪೆಯ ಮೇಲೆ ಕೂತಿದ್ದ ನಮ್ಮಕ್ಕ ವಾಗಿಯೆಂ ಗಂಡನ ಮುಖವನ್ನೂ ನೋಡದೆ ಅಂದಳು, "ಕಳ್ಳ ಹೊಡ್ಕೊಂಡು ಹೋಗಿದ್ರೆ ಯಾರದಾದ್ರೂ ಮನೇಲಿ ಬದುಕಿರ್ತಿತ್ತು."

ಕಾಂಗ್ ಎದ್ದು ಸೈಕಲ್ ತೆಗೆದ. ಒಬ್ಬನೇ ಸಾಯಲಿ ಎಂದು ಬಿಡುವುದಕ್ಕಾಗುತ್ತದೆಯೇ? ನಾನೂ ಒಂದು ಸೈಕಲ್ ಹಿಡಿದೆ. ದೊಡ್ಡ ರಸ್ತೆಯಲ್ಲಿ ಸೈನಿಕರು ಬಿಡುತ್ತಿರಲಿಲ್ಲ. ಸಲಾಕ್ ಹಣ್ಣಿನ ತೋಟಗಳ ಕಾಲುದಾರಿ ಹಿಡಿದೆವು. ಈಚಲಿನಂಥ ಆ ಗಿಡಗಳ ಗರಿಗಳೆಲ್ಲ ಬೂದಿಯ ಭಾರಕ್ಕೆ ಮುರಿದು ನೆಲಕ್ಕೆ ಬಿದ್ದಿದ್ದವು. ಹಕ್ಕಿಯಿಲ್ಲ, ಕೋಳಿಯಿಲ್ಲ. ಚಕ್ರ ರಾಗಿಹಿಟ್ಟಿನಲ್ಲಿ ಹೂತಂತೆ ಹೂತುಹೋಗುತ್ತಿತ್ತು. ಹೊರಡುವಾಗ ಚೈನಿಗೆ ಎಣ್ಣೆ ಬಿಟ್ಟಿದ್ದೇ ತಪ್ಪಾಯಿತು. ಬೂದಿ ಅದಕ್ಕೆ ಮೆತ್ತಿಕೊಂಡು ಕರಕರ ಅರೆಯುತ್ತಿತ್ತು.

"ಕಾಂಗ್, ಸೈಕಲ್ ಮೇಲೆ ನಾವೋ, ನಮ್ಮ ಮೇಲೆ ಸೈಕಲ್ಲೋ?"

"ಬಾಯಿ ಮುಚ್ಚೋ, ಬೂದಿ ಒಳಗೆ ಹೋಗುತ್ತೆ."

ಮೂಗಿಗೆ ಕಟ್ಟಿದ್ದ ಒದ್ದೆ ಬಟ್ಟೆ ಗಾರೆಯಂತೆ ಗಟ್ಟಿಯಾಗಿತ್ತು. ಅಂತೂ ಏದುಸಿರು ಬಿಡುತ್ತಾ ಊರ ಹಳ್ಳದ ದಂಡೆಗೆ ಬಂದೆವು. ಸೇತುವೆ ಕೊಚ್ಚಿಹೋಗಿತ್ತು. ಹಳ್ಳದ ತುಂಬ ಬೆಟ್ಟದಿಂದ ಇಳಿದ ಕೆಂಡದಂಥ ಬೂದಿ ಹೊಗೆಯಾಡುತ್ತಿತ್ತು. ನಾನೊಂದು ಕೊಂಬೆ ಎಸೆದೆ. ಬಿದ್ದಲ್ಲೇ ಸುಟ್ಟು ಕರಕಾಯಿತು. ಆಚೆ ದಡದಲ್ಲಿ, ಕೂಗಳತೆಯಲ್ಲಿ, ಅವನ ಕೊಟ್ಟಿಗೆ ನೆಟ್ಟಗೆ ನಿಂತಿತ್ತು. ಬಾಗಿಲು ಮುಚ್ಚಿತ್ತು.

ಕಾಂಗ್ ದಂಡೆಯುದ್ದಕ್ಕೂ ಓಡಿದ, ದಾಟಲು ಜಾಗ ಸಿಗದೆ ವಾಪಸು ಬಂದ. ಬೀಗದ ಕೈ ತೆಗೆದು ಸುಮ್ಮನೆ ನೋಡುತ್ತಾ ನಿಂತ. ಆಮೇಲೆ ಸೋತು ಸೈಕಲ್ ಹ್ಯಾಂಡಲ್ಲಿನ ಮೇಲೆ ವಾಲಿದ. ಕೈ ತಗುಲಿ ಬೆಲ್ಲು ಟ್ರಿಣ್ ಎಂದಿತು.

ಆಚೆಯಿಂದ ಹಸು ಅಂಬಾ ಎಂದಿತು.

"ಬದುಕಿದೆ ಕಣೋ!" ಎಂದು ಕಾಂಗ್ ಮಗುವಿನಂತೆ ನಕ್ಕುಬಿಟ್ಟ. ಮರುಗಳಿಗೆಗೆ ಮುಖ ಕಪ್ಪಿಟ್ಟಿತು. ದಿನಾ ಸಂಜೆ ಹುಲ್ಲು ಹೇರಿಕೊಂಡು ಬರುವಾಗ ಇದೇ ತಿರುವಿನಲ್ಲಿ ಅವನು ಬೆಲ್ಲು ಹೊಡೆಯುತ್ತಿದ್ದ. ನನಗೆ ಅಳು ಬಂತು. ಅಯ್ಯೋ, ಏನು ಮಾಡಬೇಕಿತ್ತು ಹೇಳಿ ನಾವು?

ಮೇಲೆ ಅಜ್ಜ ಗುಡುಗಿದ. ನಾನು ಕಾಂಗ್‌ನ ರಟ್ಟೆ ಹಿಡಿದು ಎಳೆದೆ. "ನಡಿ ಕಾಂಗ್, ಅಕ್ಕನ್ನ ಮುಂಡೆ ಮಾಡ್ಬೇಡ." ಅವನು ಸೈಕಲ್ ಹಿಂದಕ್ಕೆ ತಿರುಗಿಸಿದ.

ಇಳಿಜಾರಿನಲ್ಲಿ ಬ್ರೇಕು ಹಿಡಿಯುತ್ತಿರಲಿಲ್ಲ, ತಳ್ಳಿಕೊಂಡೇ ಇಳಿದೆವು. ಬೂದಿಯಡಿಯ ಕಲ್ಲಿಗೆ ಚಕ್ರ ಎಡವಿದಾಗಲೆಲ್ಲ ಬೆಲ್ಲು ತಾನೇ ಟ್ರಿಣ್ ಎನ್ನುತ್ತಿತ್ತು. ಹಸು ಓಗೊಡುತ್ತಿತ್ತು. ಮತ್ತೊಂದು ಕಲ್ಲು, ಮತ್ತೊಂದು ಕೂಗು. ಕಾಂಗ್ ನಿಂತ. ಮೈಮೇಲಿನ ಅಂಗಿ ಬಿಚ್ಚಿ, ಬೆಲ್ಲಿಗೆ ಬಿಗಿಯಾಗಿ ಸುತ್ತಿ ಗಂಟು ಹಾಕಿದ.

"ಬರ್ತಿದೀನಿ ಅಂದ್ಕೊಂಡುಬಿಡುತ್ತೆ ಕಣೋ" ಅಂದ.