ಇಲಿಗಳ ನೆನಪು, ಅಬಚಿಯ ಮರೆವು

ಮೈಸೂರು ಸೇರಿದ ಮೊದಲ ವಾರವೇ ಪ್ರಾಧ್ಯಾಪಕರು ನನ್ನ ಅಂಗೈ ಮೇಲೆ ಒಂದು ಬಿಳಿ ಇಲಿ ಇಟ್ಟರು. ‘ಹೆದರಬೇಡಿ, ಇನ್ನು ಇವೇ ನಿಮ್ಮ ನೆಂಟರು’ ಎಂದರು. ನಮ್ಮೂರು ನಾಲವಾರದ ಮನೆಯಲ್ಲಿ ಜೋಳದ ಚೀಲದ ಹತ್ತಿರ ಇಲಿ ಕಂಡರೆ ಅಬಚಿ ಕಸಬರಿಗೆ ಹಿಡಿದು ಬೆನ್ನಟ್ಟುತ್ತಿದ್ದಳು. ಇಲ್ಲಿ ಅದಕ್ಕೆ ಹೊತ್ತಿಗೆ ಸರಿಯಾಗಿ ಕಾಳು, ನೀರು, ಸೆಕೆಯಾದರೆ ಫ್ಯಾನು!

ಅಬಚಿ ಎಂದರೆ ಅವ್ವನ ತಂಗಿ. ತಾಯಿಯಿಲ್ಲದ ನನ್ನನ್ನು ಸಾಕಿದವಳು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದ ಹೊಸತು. ನಾನು ಪ್ರಾಯೋಗಿಕ ಮನೋವಿಜ್ಞಾನದ ಎಂ.ಎ.ಗೆ ಹೊರಟಾಗ ಬಂಧುಗಳೆಲ್ಲ ‘ಹುಡುಗಿ ಅಷ್ಟು ದೂರ ಯಾಕ?’ ಎಂದರು. ‘ಓದ್ಲಿಕ್ಕೆ ಹೊಂಟಾಳ, ಓಡಿ ಹೊಂಟಿಲ್ಲ’ ಎಂದು ಅಬಚಿಯೇ ಅವರ ಬಾಯಿ ಮುಚ್ಚಿಸಿ, ವಾಡಿಯವರೆಗೂ ಬಂದು ರೈಲು ಹತ್ತಿಸಿದ್ದಳು.

ಹಾಸ್ಟೆಲ್ಲಿನಲ್ಲಿ ಎರಡು ಹೊತ್ತೂ ಅನ್ನ. ಹೊಟ್ಟೆ ತುಂಬುತ್ತಿತ್ತು, ರೊಟ್ಟಿ ಉಂಡ ಹಾಗಾಗುತ್ತಿರಲಿಲ್ಲ. ಮಾತಿನದು ಬೇರೆಯೇ ಪಾಡು. ಒಮ್ಮೆ ‘ಇಲಿಗೆ ನೀರಿಡ್ಲಿಕತ್ತೀನ್ರಿ’ ಅಂದದ್ದಕ್ಕೆ ತರಗತಿಯೇ ನಕ್ಕಿತು. ‘ಇಡ್ತಾ ಇದೀನಿ’ ಕಲಿತೆ. ವರ್ಷ ಕಳೆಯುವಷ್ಟರಲ್ಲಿ ಮೈಸೂರಿನವರೂ ನನ್ನ ಊರು ಗುರುತಿಸದಾದರು. ದೊಡ್ಡ ಗೆಲುವೆಂದು ಹಿಗ್ಗಿದ್ದೆ.

ನನ್ನ ವಿಷಯ ನೆನಪು. ತಿರುವುಮುರುವಿನ ಮರದ ಪೆಟ್ಟಿಗೆಯಲ್ಲಿ ಕಾಳಿನ ದಾರಿ ಕಲಿತ ಇಲಿ ಅದನ್ನು ಯಾವಾಗ ಮರೆಯುತ್ತದೆ ಎಂದು ನೋಡುವುದು. ಒಂದು ದಿನ ತಪ್ಪಿದರೂ ಪ್ರಯೋಗ ಕೆಡುತ್ತಿತ್ತು. ದಸರೆಗೂ ಬೇಸಿಗೆಗೂ ಊರಿಗೆ ಹೋಗಲಿಲ್ಲ. ಕೆಲಸದ ಮೇಲೆ ಮೈಸೂರಿಗೆ ಬಂದಿದ್ದ ಚಿತ್ತಾಪುರದ ಮಾವ ಹೇಳಿದರು: ‘ಅಬಚಿಗಿ ಭಾಳ ಮರವು ಆಗ್ಯದವ್ವಾ. ಒಮ್ಮಿ ಬಂದು ಹೋಗು.’

‘ಪ್ರಯೋಗ ಮುಗಿಸಿ ಬರ್ತೀನಿ ಮಾವ’ ಎಂದೆ.

ಮುಗಿಸಿಯೇ ಹೋದೆ. ಅಬಚಿ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕುಳಿತಿದ್ದಳು. ಕಾಲಿಗೆರಗಿ ‘ಹೇಗಿದ್ದೀಯಾ ಅಬಚಿ?’ ಅಂದೆ; ರೂಢಿಯಿಂದ ಬಾಯಿಗೆ ಬಂದದ್ದೇ ಆ ಮಾತು. ಅವಳು ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

‘ಬರ್ರಿ. ಮೈಸೂರ್ ಕಡೆಯವರೇನ್ರಿ? ನಮ್ಮ ಸುಧಾನೂ ಅಲ್ಲೇ ಓದ್ಲಿಕತ್ಯಾಳ. ಆಕೀನ್ನ ನೋಡೀರೇನು?’

‘ನಾನೇ ಅಬಚಿ, ಸುಧಾ! ನಾನೇ ಬಂದೀನಿ.’

ನಕ್ಕಳು. ‘ಆಕಿ ಇನ್ನಾ ಸಣ್ಣಾಕಿ ಇದ್ದಾಳ್ರಿ’ ಎಂದು ಹಿಡಿ ಶೇಂಗಾ ಕೈಗಿತ್ತಳು.

ಮರುವರ್ಷ ತೀರಿಕೊಂಡಳು. ಕೊನೆಯವರೆಗೂ ನನ್ನನ್ನು ಬಹುವಚನದಲ್ಲೇ ಮಾತಾಡಿಸಿದಳು.

ಈಗ ಮೈಸೂರಿನಲ್ಲೇ ಪಾಠ ಹೇಳುತ್ತೇನೆ. ಊರ ಹೆಸರು ಹೇಳಿದೊಡನೆ ಇಲ್ಲಿ ನಾನು ‘ಆ ಕಡೆಯವರು’. ನಾಲವಾರದಲ್ಲಿ ‘ಮೈಸೂರ್ ಅಕ್ಕಾರು’. ಎರಡಕ್ಕೂ ಓಗೊಡುತ್ತೇನೆ. ‘ಏ ಸುಧಾ, ಉಣ್ಲಿಕ್ಕೆ ಬಾ’ ಎಂದು ಗದರಿ ಕರೆಯುವವರು ಮಾತ್ರ ಎರಡೂ ಊರಲ್ಲಿಲ್ಲ.