ಒಂದು ತಿಂಗಳು ಕೆಲಸ, ಒಂದು ತಿಂಗಳು ಮನೆ

ಪರ್ಸಿಯನ್ ಕೊಲ್ಲಿಯ ಎಣ್ಣೆ ಕಂಪೆನಿಯವರ ಕೆಲಸಗಾರರಿಗೆ ಇಂಗ್ಲಿಷ್ ಕಲಿಸಲಿಕ್ಕೆಂದು ನಾನು ಹೊರಟಾಗ ವೇಣೂರಿನವರು ಶಾಲು ಹೊದಿಸಿ ಕಳಿಸಿದ್ದರು. ಬೊಂಬಾಯಿಯಲ್ಲಿ ತಿಂಗಳು ಕಾದು, ಸಂದರ್ಶನದಲ್ಲಿ ಬೇಡವೆನಿಸಿಕೊಂಡು ಮರಳಿದೆ.

ಊರಿನ ಬಸ್ಸಿನಲ್ಲಿ ಕಂಡಕ್ಟರ್ ಐತಪ್ಪಣ್ಣ ಕೇಳಿಯೇಬಿಟ್ಟ: “ಏನು ಮಾಷ್ಟ್ರೇ, ಇಷ್ಟು ಬೇಗ ಬಂದಿರಿ?”

ಬಸ್ಸಿನಲ್ಲಿದ್ದವರೆಲ್ಲ ನನ್ನತ್ತ ತಿರುಗಿದರು. “ಅಲ್ಲಿ ಹಾಗೆಯೇ. ಒಂದು ತಿಂಗಳು ಕೆಲಸ, ಒಂದು ತಿಂಗಳು ಮನೆ,” ಎಂದೆ. ನಿಯಮ ನಿಜವೇ ಆಗಿತ್ತು, ಕೆಲಸವೊಂದೇ ಇರಲಿಲ್ಲ.

ಸರಿಯಾಗಿ ತಿಂಗಳು ತುಂಬಿದ ಬೆಳಿಗ್ಗೆ ಮನೆಯೆದುರು ಬಸ್ಸು ನಿಂತು ಹಾರ್ನ್ ಹೊಡೆಯಿತು.

“ಬನ್ನಿ ಮಾಷ್ಟ್ರೇ, ಮುಂದಿನ ಸೀಟು ನಿಮಗೇ ಇಟ್ಟಿದ್ದೇನೆ!”

ನೆರೆಕರೆಯವರು ನೋಡುತ್ತಿದ್ದರು. ಹೆಂಡತಿ ತಲೆಯೆತ್ತದೆ ಖಾಲಿ ಟ್ರಂಕು ತಂದುಕೊಟ್ಟಳು. ಹತ್ತಿ ಕೂತೆ.

ಕಲ್ಲಡ್ಕದ ತಂಗಿಯ ಮನೆಯೊಳಗೆ ಆ ತಿಂಗಳಿಡೀ ಅಡಗಿದ್ದೆ. ನನ್ನಷ್ಟು ಆಸೆಯಿಂದ ರಜೆಗೆ ದಿನ ಎಣಿಸಿದವರು ಕೊಲ್ಲಿಯಲ್ಲೂ ಇರಲಿಕ್ಕಿಲ್ಲ.