ಫ್ರೆಂಚಿನವರಿಗೆ ಒಂದು ಹ್ಞೂಂ

ನಾನು ಫ್ರೆಂಚ್ ಕಲಿತದ್ದು ಫ್ರಾನ್ಸಿಗೆ ಹೋಗುವುದಕ್ಕಲ್ಲ. ಪಿಯುಸಿಯಲ್ಲಿ ಫ್ರೆಂಚ್ ತೆಗೆದುಕೊಂಡರೆ ಅಂಕ ಧಾರಾಳ ಎಂದು ಗೆಳತಿಯೊಬ್ಬಳು ಹೇಳಿದಳು, ತೆಗೆದುಕೊಂಡೆ, ಅಷ್ಟೇ. ಜಗಳೂರಿನ ಮನೆಯಲ್ಲಿ ಅಪ್ಪ ಮಾತ್ರ, "ಯಾರ್ ಜೊತೆ ಮಾತಾಡಾಕೆ ಕಲೀತೀಯವ್ವ ಅದನ್ನ?" ಎಂದು ಕೇಳುತ್ತಲೇ ಇದ್ದರು. ಅವರ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನಾನು ಮದುವೆಯಾಗಿ ಕೆರೆಬಿಳಚಿಗೆ ಬಂದ ಮೇಲೆ. ಅತ್ತೆಯ ಜೊತೆ ಮಾತಾಡಲು!

ನಮ್ಮತ್ತೆ ಕಡಿಮೆ ಮಾತಿನವರು. ನಾನೋ ಬಾಯಿಬಡುಕಿ. ಗಂಡ ಬೆಳಿಗ್ಗೆ ಚನ್ನಗಿರಿಯ ಅಂಗಡಿಗೆ ಹೋದರೆಂದರೆ ಮನೆಯಲ್ಲಿ ನಾವಿಬ್ಬರೇ. "ಹಾಲು ಕಾಯ್ತಾ?", "ಕಾಯ್ತು ರೀ ಅತ್ತೆ." ಅಲ್ಲಿಗೆ ಮಾತು ಮುಗಿಯಿತು. ಜಗಳವಾದರೂ ಆಗಬಾರದೇ ಅನ್ನಿಸುತ್ತಿತ್ತು. ಆದರೆ ಜಗಳಕ್ಕೂ ಒಂದಿಷ್ಟು ಸಲಿಗೆ ಬೇಕಲ್ಲ, ಅದೂ ಇರಲಿಲ್ಲ.

ಮಾತಾಡಲು ಯಾರೂ ಸಿಗದೆ ಮಧ್ಯಾಹ್ನ ಫೋನಿನಲ್ಲಿ ಮಾಂಗಾ ಓದುತ್ತಿದ್ದೆ. ಮಾಂಗಾ ಎಂದರೆ ಜಪಾನಿನವರ ಚಿತ್ರಕಥೆ. ಆಗ ನಾನು ಹಿಡಿದಿದ್ದ ಕಥೆಯಲ್ಲಿ ಒಬ್ಬಳು ಮುದುಕಿ ದೊಡ್ಡ ಕೆರೆಯೊಂದರಲ್ಲಿ ದೋಣಿ ನಡೆಸುತ್ತಾಳೆ, ಅದೇ ಕೆರೆಗೆ ಸರ್ಕಾರ ಸೇತುವೆ ಕಟ್ಟಿಸುತ್ತಿದೆ. ಇಂಗ್ಲಿಷಿಗೆ ಅನುವಾದಿಸುತ್ತಿದ್ದವರು ಅರ್ಧಕ್ಕೇ ಕೈಬಿಟ್ಟಿದ್ದರು. ಹುಡುಕಿದಾಗ ಫ್ರೆಂಚಿನಲ್ಲಿ ಸಿಕ್ಕಿತು. ಯಾರೋ ಮೂವರು ಅಭಿಮಾನಿಗಳು, ದಿನದ ನೌಕರಿ ಮುಗಿಸಿ ಬಂದು, ಕಥೆಯ ಮೇಲಿನ ಆಸೆಗೆ ಪುಕ್ಕಟೆ ಅನುವಾದ ಮಾಡಿ ವೆಬ್‌ಸೈಟಿಗೆ ಹಾಕುತ್ತಿದ್ದರು. ನನ್ನ ಪರೀಕ್ಷೆಯ ಫ್ರೆಂಚಿಗೆ ಅಂತೂ ಒಂದು ದಾರಿಯಾಯಿತು.

ಹುಣಸೆಹಣ್ಣಿನ ಕಾಲ. ಪಡಸಾಲೆಯಲ್ಲಿ ಇಬ್ಬರೂ ಕೂತು ಬೀಜ ಬಿಡಿಸುತ್ತಿದ್ದೆವು. ಕೈಯೆಲ್ಲ ಅಂಟು. ಫೋನನ್ನು ಚೊಂಬಿಗೆ ಒರಗಿಸಿಟ್ಟು ಕಿರುಬೆರಳಲ್ಲಿ ಪುಟ ಸರಿಸುತ್ತಿದ್ದವಳು, ಮುದುಕಿ ಸೇತುವೆಯ ಇಂಜಿನಿಯರನಿಗೆ ಬೈದದ್ದು ಓದಿ ಗಟ್ಟಿಯಾಗಿ ನಕ್ಕುಬಿಟ್ಟೆ.

"ಯಾಕ್ ನಗ್ತೀಯಾ?" ಎಂದರು ಅತ್ತೆ. ತೋರಿಸಿದೆ.

"ಇದ್ಯಾವ ಕೆರೆ? ನಮ್ಮ ಸೂಳೆಕೆರೆನಾ?"

"ಅಲ್ಲ ರೀ, ಜಪಾನಿಂದು. ಬರ್ದಿರೋದು ಫ್ರೆಂಚ್‌ನಾಗೆ."

ಅತ್ತೆಯ ಬೆರಳು ಎಡಗಡೆಯ ಚಿತ್ರದ ಮೇಲೆ ಹೋಯಿತು. ಬಲಗಡೆಯಿಂದ ನೋಡಬೇಕು ಎಂದೆ. "ಹಂಗಾ? ಉರ್ದು ಪೇಪರ್ ಇದ್ದಂಗೆ" ಎಂದು ಒಂದೇ ಮಾತಿಗೆ ಒಪ್ಪಿಕೊಂಡರು. ನನಗೆ ಅದನ್ನು ಅರ್ಥ ಮಾಡಿಕೊಳ್ಳಲು ಒಂದು ವಾರ ಹಿಡಿದಿತ್ತು. "ಹೇಳು ಮತ್ತೆ, ಏನಂತ ಬೈದ್ಲು?"

ಮೊದಲಿನಿಂದ ಹೇಳತೊಡಗಿದೆ. ಒಂದೊಂದು ಮಾತಿಗೂ ಅತ್ತೆ "ಹ್ಞೂಂ" ಅನ್ನುತ್ತಿದ್ದರು. ಬೇಗ ಮುಗಿಸು ಎನ್ನುತ್ತಿದ್ದಾರೇನೋ ಎಂದುಕೊಂಡು, "ಬೇಜಾರಾತಾ ಅತ್ತೆ?" ಎಂದು ಕೇಳಿದೆ.

"ಅಯ್ಯ, ಹ್ಞೂಂ ಅನ್ನದಿದ್ರೆ ಕೇಳೋರು ಅದಾರೋ ಇಲ್ಲೋ ಅಂತ ಹೇಳೋರಿಗೆ ಹೆಂಗೆ ಗೊತ್ತಾಗ್ಬೇಕು? ನಮ್ಮಜ್ಜಿ, ನಾವು ಹ್ಞೂಂ ಅನ್ನೋದು ನಿಲ್ಸಿದ್ರೆ ಕಥೆ ಅಲ್ಲಿಗೇ ಬಿಟ್ಟು ಎದ್ದು ಹೋಗಿಬಿಡೋಳು."

ಅಂದಿನಿಂದ ದಿನಾ ಮಧ್ಯಾಹ್ನ ಕಥೆ. ಅತ್ತೆಯ ಹ್ಞೂಂಗಳಲ್ಲೇ ನನಗೆ ಅವರ ಪರಿಚಯವಾಯಿತು. ಮುದುಕಿಯ ಮಾತು ಹಿಡಿಸಿದರೆ ಗಿಡ್ಡ ಹ್ಞೂಂ. ಇಂಜಿನಿಯರನ ಸುದ್ದಿ ಬಂದರೆ ಮೂಗಿನಲ್ಲಿ ಎಳೆದ ಹ್ಞೂಂ. ರಾತ್ರಿ ಅಡುಗೆ ಮಾಡುವಾಗಲೂ "ಆ ಮುದುಕಿಗೆ ಮಕ್ಳಿಲ್ವಾ?" ಎಂದು ತಾವಾಗಿಯೇ ಮಾತು ತೆಗೆಯುತ್ತಿದ್ದರು. ನ್ಯಾಮತಿಯಲ್ಲಿರುವ ತಂಗಿಗೆ ಫೋನ್ ಮಾಡಿ ಕಥೆ ಒಪ್ಪಿಸುತ್ತಿದ್ದರು. ನ್ಯಾಮತಿ ಮುಟ್ಟುವಷ್ಟರಲ್ಲಿ ಮುದುಕಿಗೆ ಒಬ್ಬ ಮಗಳೂ ಹುಟ್ಟಿ, ಅವಳನ್ನು ಹೊನ್ನಾಳಿಗೆ ಕೊಟ್ಟೂ ಆಗಿರುತ್ತಿತ್ತು. ನಾನು ತಿದ್ದಲು ಹೋಗಲಿಲ್ಲ.

ಹೀಗಿರುವಾಗ ಒಂದು ಕಂತಿನ ಕೊನೆಗೆ ಮುದುಕಿ ಸೇತುವೆಯ ಉದ್ಘಾಟನೆಯ ದಿನ ದೋಣಿಯ ಹಗ್ಗ ಬಿಚ್ಚಿದಳು. ಮುಂದಿನ ಪುಟದಲ್ಲಿ ಚಿತ್ರವಿಲ್ಲ, ಅನುವಾದಕರ ಒಂದು ಮಾತಿತ್ತು. ಬಹಳ ದಿನಗಳಿಂದ ಯಾರೂ ಏನೂ ಬರೆದಿಲ್ಲ, ಓದುವವರು ಇದ್ದಾರೋ ಇಲ್ಲವೋ ತಿಳಿಯುತ್ತಿಲ್ಲ, ಇಲ್ಲಿಗೇ ನಿಲ್ಲಿಸೋಣ ಎಂದುಕೊಂಡಿದ್ದೇವೆ.

ದೋಣಿಯ ಮುದುಕಿ ಏನಾದರೂ ಆಗಲಿ. ಕಥೆ ನಿಂತರೆ ನಾನೂ ಅತ್ತೆಯೂ ಮತ್ತೆ "ಹಾಲು ಕಾಯ್ತಾ"ಕ್ಕೆ ವಾಪಸು ಹೋಗಬೇಕಲ್ಲ, ಆ ಭಯ ನನಗೆ. ಅತ್ತೆಗೆ ವಿಷಯ ಹೇಳಿದೆ.

"ಇಷ್ಟು ದಿನ ಓದಿದ್ಯಲ್ಲ, ಅವ್ರಿಗೆ ಏನಂದೆ?"

"ಏನೂ ಅಂದಿಲ್ಲ ರೀ. ಓದ್ತೀನಿ, ಮುಚ್ಚಿಡ್ತೀನಿ."

"ಒಂದ್ ಹ್ಞೂಂನೂ ಅನ್ಲಿಲ್ವಾ?" ಬಡಿಸಿದ್ದನ್ನೆಲ್ಲ ಉಂಡು ಮಾತಿಲ್ಲದೆ ಎದ್ದು ಹೋದವಳನ್ನು ನೋಡುವ ಹಾಗೆ ನೋಡಿದರು. "ಮತ್ತೆ ನಿಲ್ಲಿಸದೆ ಏನ್ಮಾಡ್ತಾರೆ ಪಾಪ! ಕೈ ತೊಳ್ಕಂಡು ಬಾ, ಬರಿ."

ಬರೆದೆ. ಮೊದಲು ಊಟ ಆಯಿತಾ ಎಂದು ಕೇಳು ಎಂದರು, ಕೇಳಿದೆ. ನಾವು ಒಂದು ದೊಡ್ಡ ಕೆರೆಯ ಸೀಮೆಯವರು, ನಿಮ್ಮ ಕಥೆಯನ್ನು ಇಲ್ಲಿ ನಮ್ಮತ್ತೆ ಕನ್ನಡದಲ್ಲಿ ಕೇಳುತ್ತಾರೆ, ನಮ್ಮಲ್ಲಿ ಕಥೆ ಕೇಳುವವರು ಹ್ಞೂಂ ಅನ್ನಬೇಕು, ನಿಮಗೆ ಕೇಳಿಸುವುದಿಲ್ಲವೆಂದು ಸುಮ್ಮನಿದ್ದೆವು, ಈಗ ಅನ್ನುತ್ತಿದ್ದೇವೆ ಎಂದು ಬರೆದು, ಕೆಳಗೆ ಅವರ ಲಿಪಿಯಲ್ಲಿ ಹ್ಞೂಂ ಎಂದು ಹಾಕಿದೆ. ಸುದ್ದಿ ತಿಳಿದ ನ್ಯಾಮತಿಯ ಚಿಕ್ಕತ್ತೆ, "ನಂದೂ ಒಂದು ಹಾಕವ್ವ" ಎಂದರು. ಅದನ್ನೂ ಹಾಕಿದೆ.

ಉತ್ತರ ಬರಲಿಲ್ಲ. ಅಷ್ಟರಲ್ಲಿ ಹುಣಸೆಹಣ್ಣೂ ಮುಗಿಯಿತು. ಇನ್ನು ಮಧ್ಯಾಹ್ನ ಕೂರಲು ನೆಪವೂ ಇಲ್ಲ ಎಂದುಕೊಳ್ಳುತ್ತಿರುವಾಗ ಅತ್ತೆ ಮೊರದ ತುಂಬ ಅಕ್ಕಿ ತಂದು, "ಕಲ್ಲು ಬಾಳ ಅದಾವೆ, ಬಾ" ಎಂದು ಕೂತರು. ಅದು ಮೊನ್ನೆಯಷ್ಟೇ ನಾನು ಆರಿಸಿಟ್ಟ ಅಕ್ಕಿ. ನಾನೂ ಪಕ್ಕದಲ್ಲಿ ಕೂತು ಇಲ್ಲದ ಕಲ್ಲು ಹುಡುಕಿದೆ. ಮರುದಿನವೂ ಅದೇ ಅಕ್ಕಿ ಬಂತು. "ಏನಾರ ಅಂದ್ರಾ ಅವ್ರು?" ಎಂದು ಒಮ್ಮೆ ಕೇಳಿ, ನಾನು ಇಲ್ಲವೆಂದು ತಲೆಯಾಡಿಸಿದರೆ ಮತ್ತೆ ಅಕ್ಕಿಗೆ ಕೈ ಹಾಕುತ್ತಿದ್ದರು.

ಕೊನೆಗೊಂದು ಮಧ್ಯಾಹ್ನ ಹೊಸ ಕಂತು ಬಂತು! ನಾನು ಕೂಗಿದ ರಭಸಕ್ಕೆ ಅತ್ತೆಯ ಮೊರ ಅಲುಗಿ ಅಕ್ಕಿ ಚೆಲ್ಲಿತು. ಊರಿನವರೆಲ್ಲ ಸೇತುವೆಯ ಮೇಲೆ ನಡೆದುಹೋದರು. ಮುದುಕಿಯ ದೋಣಿ ದಿನವಿಡೀ ಖಾಲಿ. ಸಂಜೆಗೆ ಆ ಇಂಜಿನಿಯರನೇ ಬಂದು, ಆಚೆ ದಡಕ್ಕೆ ಬಿಡುತ್ತೀಯಾ ಎಂದು ಕೇಳಿದ. ಅತ್ತೆ ಇಂಜಿನಿಯರನಿಗೆ ಮೊದಲ ಸಲ ಗಿಡ್ಡ ಹ್ಞೂಂ ಕೊಟ್ಟರು.

"ಕೆಳಗೆ ಸಣ್ಣಕ್ಷರದಾಗೆ ಏನೋ ಐತಲ್ಲ?"

ನೋಡಿದೆ. ಕೊನೆಯ ಚಿತ್ರದ ಅಡಿಯಲ್ಲಿ, ಕೆರೆ ಸೀಮೆಯ ಅತ್ತೆಗೆ ಎಂದು ಬರೆದು, ಮುಂದೆ ಒಂದು ಹ್ಞೂಂ ಮತ್ತು ಪ್ರಶ್ನೆಚಿಹ್ನೆ ಹಾಕಿದ್ದರು.

"ನಿಮ್ಮನ್ನೇ ಕೇಳ್ತಾ ಅದಾರೆ ಅತ್ತೆ."

ಅತ್ತೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಫೋನನ್ನು ಬಾಯಿಯ ಹತ್ತಿರ ಹಿಡಿದು, ಬೀದಿಗೆಲ್ಲ ಕೇಳುವಂತೆ "ಹ್ಞೂಂ!" ಎಂದರು. ಆಮೇಲೆ ಮೊರವನ್ನು ಕಾಲಿನಿಂದ ಆಚೆ ಸರಿಸಿದರು.

"ಅಕ್ಕಿಯಾಗೆ ಕಲ್ಲೇನಿಲ್ಲ ಬಿಡು. ಸುಮ್ನೆ ಕುಂತೇ ಕೇಳ್ತೀನಿ. ಮೊದ್ಲಿಂದ ಹೇಳು."